ಬೀಜವಿಲ್ಲದ ಕಲ್ಲಂಗಡಿ

ಹಲ್ಲು ಕಟ್ಟುವವನ ಕೈಗೆ ಹಿಟ್ಟಿನ ಪಾತ್ರೆ ಸಿಕ್ಕರೆ ಏನೇನಾಗಬಹುದು ಎಂಬುದಕ್ಕೆ ನಮ್ಮ ಕಟ್ಟಡದ ಹದಿನಾಲ್ಕು ಮನೆಗಳೂ ಸಾಕ್ಷಿ. ಅವುಗಳಲ್ಲಿ ಹನ್ನೊಂದು ಮನೆಯವರು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಳಿದ ಮೂರರಲ್ಲಿ ಒಂದು ನಮ್ಮದೇ ಮನೆ. ಇನ್ನೊಂದಕ್ಕೆ ಬೀಗ ಹಾಕಿದೆ. ಮೂರನೆಯ ಮನೆಯ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ. ವಿಷಯ ಅವರಿಗಿನ್ನೂ ತಲುಪಿಲ್ಲ.

ನಾನು ದಂತವೈದ್ಯನಲ್ಲ. ವೈದ್ಯರು ಬಾಯೊಳಗಿನ ಅಳತೆ ತೆಗೆದು ಕಳಿಸುತ್ತಾರೆ, ಆ ಅಳತೆಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ನಾನು ಹದಿನೆಂಟು ವರ್ಷದಿಂದ ಬೆನ್ನು ಬಗ್ಗಿಸಿ ಕೂತಿದ್ದೇನೆ. ಬಿಳಿ ಬಣ್ಣ ಒಂದೇ ಎಂದುಕೊಂಡವರನ್ನು ಕಂಡರೆ ನನಗೆ ಕನಿಕರ. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆ ಇವೆ, ಹದಿನಾರನ್ನೂ ನಾನು ಮಬ್ಬು ಬೆಳಕಿನಲ್ಲೇ ಗುರುತಿಸಬಲ್ಲೆ. ಬಸ್ಸಿನಲ್ಲಿ ಎದುರಿಗೆ ಕೂತವರು ಒಮ್ಮೆ ನಕ್ಕರೆ ಸಾಕು, ಯಾವ ಹಲ್ಲು ದೇವರದು, ಯಾವುದು ನಮ್ಮಂಥವರದು ಎಂದು ಹೇಳಿಬಿಡುತ್ತೇನೆ. ಈ ವಿದ್ಯೆಯಿಂದ ಸಂಸಾರಕ್ಕಾದ ಉಪಕಾರ ಅಷ್ಟರಲ್ಲೇ ಇದೆ ಎನ್ನುತ್ತಾಳೆ ನನ್ನ ಹೆಂಡತಿ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಯಾವ ಸೆಟ್ಟೂ ನೇರವಾಗಿ ರೋಗಿಯ ಬಾಯಿಗೆ ಹೋಗುವಂತಿಲ್ಲ. ಮೊದಲು ಮೇಣದಲ್ಲಿ ಕೂರಿಸಿ ಕಳಿಸಬೇಕು, ಹಾಕಿ ನೋಡಬೇಕು, ತಿದ್ದಬೇಕು, ಮತ್ತೆ ಕಳಿಸಬೇಕು. ಇದಕ್ಕೆ ನಾವು ಟ್ರಯಲ್ ಎನ್ನುತ್ತೇವೆ. ಟ್ರಯಲ್ ಸರಿಹೋಗದೆ ಅಸಲಿಗೆ ಕೈ ಹಾಕುವವನು ನಮ್ಮಲ್ಲಿ ಕೆಲಸಗಾರನೇ ಅಲ್ಲ. ಈ ನಿಯಮವನ್ನು ಹಲ್ಲಿಗಷ್ಟೇ ಇಟ್ಟುಕೊಳ್ಳಬೇಕು ಎಂದು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಂಡತಿಯ ತಂಗಿಗೆ ಪಿತ್ತಕೋಶದ ಆಪರೇಷನ್ ಆಯಿತು. ಹತ್ತು ದಿನ ಜೊತೆಗಿದ್ದು ಬರುತ್ತೇನೆಂದು ಹೆಂಡತಿ ಗುರುವಾರ ಹೊರಟಳು. ವಾಪಸ್ಸು ಬರುವುದು ಮುಂದಿನ ವಾರದ ಭಾನುವಾರ ಸಂಜೆ. ಎಂಟು ವರ್ಷದ ಮಗಳನ್ನು ಶಾಲೆಗೆ ಬಿಟ್ಟು, ಮನೆ ನೋಡಿಕೊಂಡು ಬರುತ್ತೇನೆಂದು ನಾನು ಲ್ಯಾಬಿನಲ್ಲಿ ಬೆಳಗಿನ ಹೊತ್ತಿಗೆ ಪರ್ಮಿಷನ್ ಪಡೆದೆ. ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಮಗಳು ಕೆಳಗಿನ ಮನೆಯಲ್ಲಿ, ಟಿ.ಸಿ. ಸಾಹೇಬರ ಹೆಂಡತಿಯ ಬಳಿ ಇರಬೇಕು ಎಂದು ಏರ್ಪಾಡಾಯಿತು. ಎಲ್ಲವೂ ಅಚ್ಚುಕಟ್ಟು. ಸೋಮವಾರ ರಾತ್ರಿ ಊಟದ ಹೊತ್ತಿನ ತನಕ.

"ಅಪ್ಪಾ, ಹಣ್ಣಿನ ಪ್ಯಾನ್‌ಕೇಕ್ ಮಾಡೋಣ್ವಾ?"

"ಹಣ್ಣು ಹಾಕಿ ಮಾಡೋದಾ?"

"ಹಣ್ಣು ಹಾಕಿ ಅಲ್ಲಪ್ಪ. ಹಣ್ಣಿನ ಥರಾನೇ ಇರೋದು." ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ನನ್ನ ತಟ್ಟೆಯ ಪಕ್ಕ ಹರಡಿದಳು. ಸೇಬು, ಬಾಳೆಹಣ್ಣು, ಕಿತ್ತಳೆ, ದ್ರಾಕ್ಷಿ, ಒಂದು ಹೋಳು ಕಲ್ಲಂಗಡಿ. ಎಲ್ಲಕ್ಕೂ ಗೆರೆ ಮೀರದ ಹಾಗೆ ಬಣ್ಣ ತುಂಬಿದ್ದಳು. "ಹಿಟ್ಟಿಗೇ ಬಣ್ಣ ಕಲಸ್ಬೇಕು. ಬಾಟ್ಲಿಯಿಂದ ತವದ ಮೇಲೆ ಚಿತ್ರ ಬಿಡಿಸ್ಬೇಕು. ನೀನು ಎಲ್ಲಾ ಮಾಡು. ಕಲ್ಲಂಗಡಿ ಬೀಜ ಮಾತ್ರ ನಾನು ಇಡ್ತೀನಿ. ನೀನು ಮುಟ್ಟಬಾರ್ದು."

"ಅಮ್ಮ ಬರ್ಲಿ ಪುಟ್ಟಿ, ಆಮೇಲೆ ಮಾಡೋಣ."

"ಅಮ್ಮ ಬಂದ್ರೆ ಅಮ್ಮ ಮಾಡ್ತಾಳೆ, ನೀನು ಲ್ಯಾಬಿಗೆ ಹೋಗ್ತೀಯ. ಅಮ್ಮ ಬರೋದ್ರೊಳಗೆ ಮಾಡ್ಬೇಕು. ನಾವಿಬ್ರೇ."

ಭಾನುವಾರ ಬೆಳಿಗ್ಗೆ ಎಂದು ಮಾತು ಕೊಟ್ಟೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗಿಯ ಜೇಬಿಗೆ ತಾನೇ ಇಟ್ಟಳು. ಬೇರೆ ಯಾವ ತಂದೆಯಾದರೂ ಸುಮ್ಮನೆ ಭಾನುವಾರದ ತನಕ ಕಾಯುತ್ತಿದ್ದ. ಮಗಳ ಜೊತೆ ನಿಂತು, ಇಬ್ಬರೂ ಸೇರಿ ಕೆಡಿಸಿ, ಕೆಟ್ಟದ್ದನ್ನೇ ತಿಂದು ನಗುತ್ತಿದ್ದ. ನಾನು ಕೆಲಸಗಾರ. ಮಗಳ ಎದುರು ಸೋರುವ ಬಾಳೆಹಣ್ಣು ಬಿಡಿಸುವುದೆಂದರೆ ಹದಿನೆಂಟು ವರ್ಷದ ಅನುಭವಕ್ಕೆ ಅವಮಾನ. ಹಾಗಾಗಿ ಮಂಗಳವಾರ ಅವಳನ್ನು ಶಾಲೆಗೆ ಬಿಟ್ಟು ಬಂದವನೇ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಟ್ರಯಲ್ ಶುರು ಮಾಡಿದೆ.

ಕೆಂಪಿಗೆ ಬೀಟ್‌ರೂಟ್ ರಸ, ಹಸಿರಿಗೆ ಸೊಪ್ಪು, ಕಿತ್ತಳೆಗೆ ಕ್ಯಾರೆಟ್, ಹಳದಿಗೆ ಚಿಟಿಕೆ ಅರಿಶಿನ, ದ್ರಾಕ್ಷಿಗೆ ನೇರಳೆ ಬಣ್ಣದ ಎಲೆಕೋಸು. ಐದು ಲೋಟಗಳಲ್ಲಿ ಐದು ಬಣ್ಣ ನೋಡಿ ನನಗೆ ನನ್ನ ಮೇಲೇ ಗೌರವ ಬಂತು. ಆ ಗೌರವ ಹಿಟ್ಟಿಗೆ ಅಡಿಗೆ ಸೋಡಾ ಬೀಳುವ ತನಕ ಇತ್ತು. ಸೋಡಾ ಬಿದ್ದದ್ದೇ ನೇರಳೆ ನೀಲಿಯಾಯಿತು, ಹಳದಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಬಾಳೆಹಣ್ಣು ತವದ ಮೇಲೆ ಹರಿದು ಯಾರದೋ ಮೀಸೆಯಾಯಿತು. ಸೇಬು ಯಾರದೋ ಪಿತ್ತಕೋಶದಂತೆ ಕಂಡದ್ದರಲ್ಲಿ ಮನೆಯ ಪರಿಸ್ಥಿತಿಯ ಪಾಲೂ ಇದ್ದಿರಬಹುದು.

ಕೆಟ್ಟದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ರುಚಿಯೇನೂ ಕೆಟ್ಟಿರಲಿಲ್ಲ. ತಟ್ಟೆಯಲ್ಲಿ ಹಾಕಿಕೊಂಡು ಕೆಳಗಿನ ಮನೆಯ ಗಂಟೆ ಒತ್ತಿದೆ. ಟಿ.ಸಿ. ಸಾಹೇಬರೇ ಬಾಗಿಲು ತೆಗೆದರು.

ಸಾಹೇಬರು ರೈಲಿನಲ್ಲಿ ಮೂವತ್ತೈದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನನ್ನು ಕೇಳದೆಯೇ ಹಿಡಿಯುತ್ತಿದ್ದೆ, ಮುಖ ನೋಡಿದರೆ ಸಾಕು ಎಂಬುದು ಅವರ ಹೆಮ್ಮೆ. ಆ ಕಣ್ಣಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಅದು ನನ್ನ ಏಪ್ರನ್ ನೋಡಿತು, ತಟ್ಟೆ ನೋಡಿತು, ಗೋಡೆಯ ಗಡಿಯಾರ ನೋಡಿತು. ಹತ್ತೂ ಕಾಲು. ವಾರದ ದಿನ.

"ಏನ್ರೀ, ಇವತ್ತು ಕೆಲಸಕ್ಕೆ ಹೋಗಿಲ್ವಾ?"

"ಪರ್ಮಿಷನ್ ತಗೊಂಡಿದೀನಿ ಸಾರ್. ನಿಧಾನಕ್ಕೆ ಹೋಗ್ತೀನಿ."

"ಓಹೋ. ಪರ್ಮಿಷನ್." ಆ ಪದವನ್ನು ಅವರು ಹಳೆಯ ತಾರೀಖಿನ ಟಿಕೆಟ್ಟಿನ ಹಾಗೆ ಬೆಳಕಿಗೆ ಹಿಡಿದು ನೋಡಿದರು. "ಇದೇನು, ದೋಣಿನಾ?"

"ಬಾಳೆಹಣ್ಣು ಸಾರ್."

"ಹ್ಞಾ, ಹ್ಞಾ. ಬಾಳೆಹಣ್ಣೇ. ನಂಗೆ ಕನ್ನಡಕ ಇರ್ಲಿಲ್ಲ."

ಬುಧವಾರ ಹಿಟ್ಟಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದೆ, ಬಣ್ಣಗಳು ಮರ್ಯಾದೆಗೆ ಬಂದವು. ಉರಿ ಸಣ್ಣದಿರಬೇಕು, ಮೊದಲು ಅಂಚು ಬರೆದು ಅದು ಗಟ್ಟಿಯಾದ ಮೇಲೆ ಒಳಗೆ ತುಂಬಬೇಕು, ಕಂದು ತಿರುಗುವ ಮುಂಚೆ ಮಗುಚಬೇಕು ಎಂಬ ಗುಟ್ಟುಗಳು ಒಂದೊಂದಾಗಿ ಹೊಳೆದವು. ಆ ದಿನದ ಸೇಬು ಸೇಬೇ ಆಗಿತ್ತು. ತಟ್ಟೆ ಹಿಡಿದು ಇಳಿದಾಗ ಸಾಹೇಬರ ಹೆಂಡತಿ, ಎದುರುಮನೆಯ ಟೈಲರ್ ಅಕ್ಕ ಇಬ್ಬರೂ ಮೆಟ್ಟಿಲ ಬಳಿ ನಿಂತಿದ್ದರು.

"ಅಯ್ಯಯ್ಯೋ, ಸೇಬು!" ಎಂದರು ಟೈಲರ್ ಅಕ್ಕ. "ತೊಟ್ಟು ಬೇರೆ ಇಟ್ಟಿದಾರೆ ನೋಡಿ! ಏನ್ ಕೈರೀ ನಿಮ್ದು!"

ಹದಿನೆಂಟು ವರ್ಷದಲ್ಲಿ ನಾನು ಸಾವಿರಾರು ಹಲ್ಲು ಕಟ್ಟಿದ್ದೇನೆ. ಒಬ್ಬರಾದರೂ ಬಂದು "ಏನ್ ಕೈರೀ ನಿಮ್ದು" ಎಂದವರಿಲ್ಲ. ನಮ್ಮ ಕೆಲಸದ ಗುಣವೇ ಅದು. ಚೆನ್ನಾಗಿದ್ದರೆ ಗೊತ್ತೇ ಆಗಬಾರದು. ಆ ಒಂದು ಮಾತಿಗೆ ನಾನು ಸೋಡಾ ಹಾಕಿದ ಹಿಟ್ಟಿನ ಹಾಗೆ ಉಬ್ಬಿಹೋದೆ. ಉಬ್ಬಿದವನ ಬಾಯಿಂದ ಬಂದ ಮಾತು ಇದು:

"ಏನಿಲ್ಲ ಅಕ್ಕ, ಆ ಹಲ್ಲು ಕಟ್ಟೋ ಕೆಲಸಕ್ಕಿಂತ ಇದೇ ಎಷ್ಟೋ ನೆಮ್ಮದಿ. ಇನ್ಮೇಲೆ ಇದನ್ನೇ ಮಾಡ್ಕೊಂಡಿರೋಣ ಅನ್ಸಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರ ಹೆಂಡತಿ ನಿಧಾನವಾಗಿ, "ಹೌದಪ್ಪ, ಹಾಗೇ ಧೈರ್ಯವಾಗಿರ್ಬೇಕು" ಎಂದರು. ಒಂದು ಸೇಬು ಮಾಡುವುದಕ್ಕೆ ಇಷ್ಟೊಂದು ಧೈರ್ಯ ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ, ಹೊಗಳಿಕೆ ಅಂದುಕೊಂಡೆ. ನಾನು ಮೇಲೆ ಹತ್ತುತ್ತಿದ್ದ ಹಾಗೇ ಕೆಳಗೆ ತೀರ್ಮಾನವಾಗಿ ಹೋಗಿತ್ತು: ಮೂರನೇ ಮಹಡಿಯವರ ಕೆಲಸ ಹೋಗಿದೆ. ಹೆಂಡತಿಗೆ ಗೊತ್ತಿಲ್ಲ. ಪಾಪ, ಮನೆಯಲ್ಲೇ ಏನೋ ಮಾಡಿ ಬದುಕು ಕಟ್ಟಿಕೊಳ್ಳಲು ನೋಡುತ್ತಿದ್ದಾರೆ.

ಒಮ್ಮೆ ಹೀಗೆ ತೀರ್ಮಾನವಾದ ಮೇಲೆ ನಾನು ಮಾಡಿದ್ದೆಲ್ಲ ಅದಕ್ಕೆ ಪುರಾವೆಯಾಗುತ್ತ ಹೋಯಿತು. ಹನ್ನೊಂದೂವರೆಗೆ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಟರೆ, ಕೆಲಸ ಹುಡುಕಲು ಹೊರಟ. ಸಂಜೆ ಸುಸ್ತಾಗಿ ಬಂದರೆ, ಎಲ್ಲೂ ಸಿಗಲಿಲ್ಲ. ಟೈಲರ್ ಅಕ್ಕ "ನಮ್ಮನೆಗೊಂದು ಇಪ್ಪತ್ತು ಮಾಡ್ಕೊಡಿ, ಎಷ್ಟಾಗತ್ತೆ ಹೇಳಿ" ಎಂದಾಗ "ಛೆ, ದುಡ್ಡೆಲ್ಲ ಬೇಡ, ಇಷ್ಟಪಟ್ಟು ತಿಂದ್ರೆ ಸಾಕು" ಎಂದೆ. ಆ ಸಂಜೆಗೆ ನನ್ನ ಸ್ವಾಭಿಮಾನದ ಸುದ್ದಿ ನಾಲ್ಕನೇ ಮಹಡಿ ಮುಟ್ಟಿತು. ಗುರುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಬಳಿ ಎರಡು ಕಿಲೋ ಮೈದಾ, ಒಂದು ಟ್ರೇ ಮೊಟ್ಟೆ, ಹಾಲಿನ ಪ್ಯಾಕೆಟ್ಟುಗಳು. ಹೆಸರಿಲ್ಲ, ಚೀಟಿಯಿಲ್ಲ. ಕಲೆಯನ್ನು ಜನ ಹೇಗೆ ಪೋಷಿಸುತ್ತಾರೆ ನೋಡಿ ಎಂದು ನನ್ನ ಕಣ್ಣು ತುಂಬಿತು. ಟೈಲರ್ ಅಕ್ಕ ನನ್ನ ಹಳೆಯ ಅಂಗಿ ಕೇಳಿ ಒಯ್ದು, ಕಾಲರ್ ತಿರುಗಿಸಿ ಹೊಲಿದು ತಂದುಕೊಟ್ಟರು. "ನಾಲ್ಕು ಜನರ ಎದುರು ಹೋಗಿ ನಿಲ್ಲೋವಾಗ ಬೇಕಾಗತ್ತೆ" ಎಂದರು. ನನಗೆ ಯಾವುದೋ ಪ್ರದರ್ಶನ ಏರ್ಪಾಡಾಗುತ್ತಿದೆ ಎಂಬ ಗುಮಾನಿ ಬಂತು. ಸಂಕೋಚದಿಂದ ಹೆಚ್ಚು ಕೇಳಲಿಲ್ಲ.

ಟ್ರಯಲ್ಲುಗಳು ಹೀಗೆ ಎರಡು ಡಜನ್, ಮೂರು ಡಜನ್ ಲೆಕ್ಕದಲ್ಲಿ ಹೊರಗೆ ಹೋದವು. ಮಗಳಿಗೆ ಒಂದನ್ನೂ ತೋರಿಸಿರಲಿಲ್ಲ. ಅಸಲಿ ಭಾನುವಾರ ತಾನೇ? ಅವಳು ಸಂಜೆ ಸಾಹೇಬರ ಮನೆಯಲ್ಲಿ ಅವುಗಳನ್ನು ನೋಡುತ್ತಿದ್ದಳು ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ.

"ಅಪ್ಪಾ, ಕೆಳಗಡೆ ಆಂಟಿ ನಂಗೆ ನಿನ್ನ ಕಿತ್ತಳೆ ಕೊಟ್ರು" ಎಂದಳು ಗುರುವಾರ.

"ತಿಂದ್ಯಾ?"

"ಇಲ್ಲ. ಭಾನುವಾರ ತಿನ್ತೀನಿ ಅಂದೆ."

"ಶಹಬ್ಬಾಸ್! ಭಾನುವಾರ ನೋಡು ನೀನು, ಇದಕ್ಕಿಂತ ಹತ್ತು ಪಾಲು ಚೆನ್ನಾಗಿರತ್ತೆ."

ಶುಕ್ರವಾರ ಸಂಜೆ ಅವಳು ಯಾಕೋ ಮೆತ್ತಗಿದ್ದಳು. ಹಾಲು ಬೇಡ ಎಂದಳು. ಟಿ.ವಿ. ಆರಿಸಿದಳು, ಜೊತೆಗೆ ಯಾರೂ ಇಲ್ಲದ ಕೋಣೆಯ ದೀಪವನ್ನೂ ಆರಿಸಿದಳು. "ಅಪ್ಪಾ, ನೀನು ಟೈಲರ್ ಆಂಟಿಗೆ ಇಪ್ಪತ್ತು ಮಾಡ್ಬೇಕಾದ್ರೆ ಮಾಡು. ನಾನು ಬಾಟ್ಲಿ ತೊಳೆದುಕೊಡ್ತೀನಿ" ಎಂದಳು. ಮಕ್ಕಳನ್ನು ತಾಯಿಯಿಂದ ಹತ್ತು ದಿನ ದೂರವಿಟ್ಟರೆ ಎಷ್ಟು ತಿಳುವಳಿಕೆ ಬರುತ್ತದೆ ಎಂದು ನಾನು ಬೆರಗಾದೆ.

ಶನಿವಾರ ಮಧ್ಯಾಹ್ನ ಲ್ಯಾಬಿನ ಯಜಮಾನರು ಕರೆದರು. ಎದುರಿಗೆ ಕೂರಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ನಿಮ್ಮನ್ನ ಯಾವಾಗ ಕೆಲಸದಿಂದ ತೆಗೆದೆ?"

"ತೆಗೆದೇ ಇಲ್ವಲ್ಲ ಸಾರ್!"

"ನಾನೂ ಹಾಗೇ ಅಂದ್ಕೊಂಡಿದ್ದೆ. ನಿನ್ನೆ ನೀವು ಹೋದ ಮೇಲೆ ಒಬ್ರು ಹಿರಿಯರು ಬಂದ್ರು. ಕೋಟು ಹಾಕ್ಕೊಂಡಿದ್ರು. 'ಹದಿನೆಂಟು ವರ್ಷ ದುಡಿದೋನನ್ನ ಹೀಗೆ ಬೀದಿಗೆ ತಳ್ಳೋದಾ? ಸಣ್ಣ ಮಗು ಇದೆ, ನಿಮಗೂ ಮಕ್ಕಳಿದಾವೆ' ಅಂದ್ರು. ನಂಗೆ ಮಾತಾಡೋಕೇ ಬಿಡ್ಲಿಲ್ಲ, ಕಾಲು ಗಂಟೆ ಬೈಸ್ಕೊಂಡೆ ಕಣ್ರೀ. ಆ ದನಿ ಕೇಳಿ ನಂಗೇ ಅನುಮಾನ ಬಂತು. ಅವರು ಹೋದ ಮೇಲೆ ಹಾಜರಿ ಪುಸ್ತಕ ತೆಗೆದು ನೋಡಿದೆ, ನಿಮ್ಮ ಸಹಿ ಇದೆ!"

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆ ಮೈದಾ, ಮೊಟ್ಟೆ, ಕಾಲರ್ರು ಎಲ್ಲ ಒಟ್ಟಿಗೇ ಅರ್ಥವಾದವು.

"ಇನ್ನೇನಂದ್ರು ಸಾರ್?"

"ನಿಮ್ಮ ಕೈಯಲ್ಲಿ ಕಲೆ ಇದೆಯಂತೆ. ಅದು ಸರಿ. ನಾನು ಹಲ್ಲಿನ ಬಗ್ಗೆ ಅಂದ್ಕೊಂಡು ಹೂಂ ಅಂದೆ. ಆಮೇಲೆ ಗೊತ್ತಾಯ್ತು, ಅವರು ಹೇಳಿದ್ದು ದ್ರಾಕ್ಷಿ ಬಗ್ಗೆ."

ನಾಚಿಕೆಯಿಂದ ನೆಲಕ್ಕಿಳಿಯಬೇಕಾದ ಹೊತ್ತು ಅದು. ಸುಳ್ಳು ಹೇಳಿ ಏನು ಪ್ರಯೋಜನ, ನನಗೆ ಮೊದಲು ಹೊಳೆದದ್ದು 'ದ್ರಾಕ್ಷಿ ಅಷ್ಟು ಚೆನ್ನಾಗಿ ಬಂದಿತ್ತಾ' ಎಂಬುದೇ.

ಮನೆಗೆ ಹೋದವನೇ ಎಲ್ಲರಿಗೂ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಟ್ಟಡದ ಬಾಗಿಲಲ್ಲೇ ಕಾಲು ನಿಂತಿತು. ಸೂಚನಾ ಫಲಕದ ಮೇಲೆ ಸಾಹೇಬರ ದುಂಡನೆಯ ಅಕ್ಷರ: 'ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ. ನಮ್ಮ ಕಟ್ಟಡದ ಕಲಾವಿದರಿಂದ ಹಣ್ಣಿನ ಪ್ಯಾನ್‌ಕೇಕ್. ಎಲ್ಲರೂ ಕುಟುಂಬ ಸಮೇತ ಬಂದು ಪ್ರೋತ್ಸಾಹಿಸಬೇಕು. ತಟ್ಟೆ ನೀವೇ ತನ್ನಿ.'

ಕಲಾವಿದರು. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ಆ ಪದವನ್ನು ನಾನು ಮೂರು ಸಲ ಓದಿದೆ. ನಾಳೆ ಎಲ್ಲರೂ ಒಂದೇ ಕಡೆ ಸೇರುತ್ತಾರಲ್ಲ, ಆಗಲೇ ಹೇಳಿದರಾಯಿತು ಎಂದುಕೊಂಡೆ. ಒಂದೊಂದೇ ಬಾಗಿಲು ತಟ್ಟುವುದು ತಪ್ಪುತ್ತದೆ ಎಂದು ಅದಕ್ಕೊಂದು ಕಾರಣವನ್ನೂ ಹುಡುಕಿಕೊಂಡೆ.

"ಪುಟ್ಟಿ, ನಾಳೆ ಕೆಳಗೆ ಸ್ವಲ್ಪ ಹೊತ್ತು ಮಾಡಿ, ಆಮೇಲೆ ನಾವಿಬ್ರೇ ಮಾಡೋಣ, ಆಯ್ತಾ?" ಎಂದೆ.

"ಆಯ್ತಪ್ಪ. ಮೊದಲು ಅವರಿಗೆ ಮಾಡು. ನಂದು ಆಮೇಲೆ." ಒಂದು ಚೂರೂ ರಚ್ಚೆ ಇಲ್ಲ.

ಭಾನುವಾರ ಒಂಬತ್ತಕ್ಕೆ ಗಾಡಿಗಳನ್ನೆಲ್ಲ ಬೀದಿಗೆ ತಳ್ಳಿ ಎರಡು ಮೇಜು ಜೋಡಿಸಿದ್ದರು. ನನ್ನ ಒಲೆ, ನನ್ನ ತವ, ಬಣ್ಣದ ಹಿಟ್ಟಿನ ಐದು ಬಾಟಲಿ. ತಟ್ಟೆ ಹಿಡಿದ ಜನರ ಸಾಲು ಮೆಟ್ಟಿಲ ತನಕ. ಮೊದಲ ತಟ್ಟೆಗೇ ನಿಜ ಹೇಳಬೇಕೆಂದು ಬಾಯಿ ತೆಗೆದೆ. ತವದ ಮೇಲೆ ಬಾಳೆಹಣ್ಣು ಮಗುಚಿಬಿತ್ತು, ಹಳದಿ ಒಂದಿಷ್ಟೂ ಕೆಟ್ಟಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಒಂದು ಸುತ್ತು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಸುತ್ತು ಮುಗಿಯಲಿಲ್ಲ. ಹತ್ತಾಯಿತು, ಹತ್ತೂವರೆಯಾಯಿತು. ಮಗಳು ತಟ್ಟೆಗಳನ್ನು ಅಜ್ಜಂದಿರಿಗೆ ಒಯ್ದು ಕೊಡುತ್ತ, ಬಾಟಲಿ ತೊಳೆದು ತರುತ್ತ ಓಡಾಡುತ್ತಿದ್ದಳು. ಅವಳು ಹತ್ತಿರ ಬಂದಾಗೆಲ್ಲ "ಮುಂದಿನದು ನಿಂದು ಪುಟ್ಟಿ" ಎನ್ನುತ್ತಿದ್ದೆ. "ಪರವಾಗಿಲ್ಲಪ್ಪ" ಎನ್ನುತ್ತಿದ್ದಳು. ಮುಂದಿನದು ಯಾವಾಗಲೂ ಇನ್ಯಾರದೋ ತಟ್ಟೆಗೆ ಹೋಗುತ್ತಿತ್ತು.

ಹಿಟ್ಟು ತಳ ಕಂಡಾಗ ಎಚ್ಚರವಾಯಿತು. ಉಳಿದಿದ್ದ ಹಸಿರು, ಕೆಂಪು ಎರಡನ್ನೂ ಹಿಂಡಿ ಒಂದೇ ಒಂದು ಕಲ್ಲಂಗಡಿ ಹೋಳು ಬಿಡಿಸಿ ಪಕ್ಕಕ್ಕೆ ತೆಗೆದಿಟ್ಟೆ. ಬೀಜ ಇಡಲಿಲ್ಲ. ಗಟ್ಟಿಯಾಗಿ ಕೋಕೋ ಕಲಸಿದ ಬಟ್ಟಲು, ಒಂದು ಹಲ್ಲುಕಡ್ಡಿ ಪಕ್ಕದಲ್ಲಿಟ್ಟು ಮಗಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದಳು.

ಅಷ್ಟರಲ್ಲಿ ಚೀಲ ನೇತುಹಾಕಿಕೊಂಡ ಒಬ್ಬರು ಗೇಟಿನೊಳಗೆ ಬಂದರು. ನಗರಸಭೆಯ ಆಹಾರ ತಪಾಸಕರು. ಭಾನುವಾರವೂ ಬಂದಿದ್ದಾರೆಂದರೆ ಯಾರೋ ದೂರು ಕೊಟ್ಟಿರಬೇಕು.

"ಯಾರ್ರೀ ಇಲ್ಲಿ ವ್ಯಾಪಾರ ಮಾಡ್ತಿರೋದು? ಲೈಸೆನ್ಸ್ ತೋರಿಸಿ."

"ವ್ಯಾಪಾರ ಅಲ್ಲ ಸಾರ್" ಎಂದೆ. "ಸುಮ್ನೆ ಹವ್ಯಾಸಕ್ಕೆ. ನಂಗೆ ಲ್ಯಾಬಿನಲ್ಲಿ ಕೆಲಸ..."

"ಸಾರ್, ಒಂದ್ನಿಮಿಷ ಈ ಕಡೆ ಬನ್ನಿ" ಎಂದು ಟಿ.ಸಿ. ಸಾಹೇಬರು ಅವರನ್ನು ಕಂಬದ ಹಿಂದಕ್ಕೆ ಕರೆದೊಯ್ದರು. ಅಲ್ಲಿಂದ ತುಂಡು ತುಂಡಾಗಿ ಕೇಳಿಸಿತು. "ಹದಿನೆಂಟು ವರ್ಷ... ಒಂದು ಮಾತೂ ಹೇಳ್ದೆ... ಹೆಂಡ್ತಿಗೂ ಗೊತ್ತಿಲ್ಲ ಸಾರ್..." ತಪಾಸಕರು ವಾಪಸ್ಸು ಬಂದಾಗ ಕರ್ಚೀಫು ಕೈಯಲ್ಲಿತ್ತು, ಫೈಲು ಚೀಲದೊಳಗಿತ್ತು.

"ನಮ್ಮ ಅಣ್ಣಂಗೂ ಹೀಗೇ ಆಗಿತ್ತು" ಎಂದು ನನ್ನ ಭುಜ ಹಿಡಿದರು. "ನಾಳೆ ಆಫೀಸಿಗೆ ಬನ್ನಿ, ಲೈಸೆನ್ಸಿಗೆ ದಾರಿ ಮಾಡ್ಕೊಡ್ತೀನಿ."

"ಇನ್‌ಸ್ಪೆಕ್ಟರ್ ಸಾಹೇಬ್ರಿಗೊಂದು ತಟ್ಟೆ ಕೊಡ್ರೀ!" ಎಂದು ಯಾರೋ ಕೂಗಿದರು.

ಮೇಜಿನ ಮೇಲೆ ಇದ್ದದ್ದು ಒಂದೇ ತಟ್ಟೆ. ನಾನು ಮಗಳನ್ನು ನೋಡಿದೆ. ಅವಳ ಕೈಯಲ್ಲಿ ಹಲ್ಲುಕಡ್ಡಿ ಇತ್ತು. ಅದನ್ನು ಬಟ್ಟಲಿನ ಪಕ್ಕ ಇಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಪಾಸಕರಿಗೆ ಕೊಟ್ಟಳು.

"ಕಲ್ಲಂಗಡಿನಾ! ಭಲೇ!" ಎಂದರು ಅವರು. "ಬೀಜ ಇಲ್ವಲ್ಲ?"

"ಇದು ಬೀಜ ಇಲ್ಲದ ತಳಿ ಸಾರ್" ಎಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನನ್ನ ಬದುಕಿನಲ್ಲಿ ನಾನು ಮಾಡಿದ ಹಾಸ್ಯಗಳಲ್ಲಿ ಒಂದೇ ಒಂದನ್ನು ವಾಪಸ್ಸು ತೆಗೆದುಕೊಳ್ಳಬಹುದು ಎಂದರೆ ನಾನು ಯಾವುದನ್ನು ಆರಿಸುತ್ತೇನೆಂದು ಹೇಳಬೇಕಾಗಿಲ್ಲ.

ನಗು ಇಳಿದ ಮೇಲೆ, ತಟ್ಟೆ ಖಾಲಿಯಾದ ಮೇಲೆ, ಬಡಿಸಲು ಏನೂ ಉಳಿಯದ ಮೇಲೆ, ನನಗೆ ನಿಜ ಹೇಳುವ ಧೈರ್ಯ ಬಂತು.

"ಎಲ್ಲರೂ ಕೇಳಿ. ನಂಗೆ ಕೆಲಸ ಇದೆ."

ಟೈಲರ್ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. "ಇದೆ, ಇದೆ, ಯಾರು ಇಲ್ಲ ಅಂದ್ರು?" ಎಂದು ಸಾಹೇಬರು ನನ್ನ ಬೆನ್ನು ಸವರಿದರು. ಬೇರೆ ದಾರಿ ಕಾಣದೆ ಯಜಮಾನರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. "ಸಾರ್, ನಂಗೆ ಕೆಲಸ ಇದೆ ಅಂತ ಒಂದ್ಸಲ ಹೇಳಿ ಸಾರ್."

"ಮತ್ತೆ ಶುರುವಾಯ್ತೇನ್ರೀ?" ಎಂದಿತು ಯಜಮಾನರ ದನಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. "ಕೆಲಸ ಇದೆ. ಹದಿನೆಂಟು ವರ್ಷದಿಂದ ಇದೆ. ನಾಲ್ಕು ಸೆಟ್ಟು ಬಾಕಿ ಇದೆ, ಪರ್ಮಿಷನ್ನೂ ಮುಗೀತು, ನಾಳೆ ಒಂಬತ್ತಕ್ಕೆ ಬನ್ನಿ."

ನಾನು ಎಲ್ಲರಿಗೂ ಸಂತೋಷವಾಗುತ್ತದೆ ಎಂದುಕೊಂಡಿದ್ದೆ.

"ಅಂದ್ರೆ," ಎಂದರು ಟೈಲರ್ ಅಕ್ಕ, "ಗಿರಾಕಿ ಬಟ್ಟೆ ಬದಿಗಿಟ್ಟು ಕಾಲರ್ ತಿರುಗಿಸಿದೆನಲ್ರೀ ನಾನು!"

"ನಮ್ಮ ಮೊಟ್ಟೆ!" ಎಂದಿತು ನಾಲ್ಕನೇ ಮಹಡಿ.

"ನೀವೆಲ್ಲ ಕಲೆ ಮೆಚ್ಚಿ ಕೊಟ್ರಿ ಅಂತ..." ಎಂದೆ.

"ಯಾವ ಕಲೆರೀ? ಆ ಬಾಳೆಹಣ್ಣನ್ನ ದೋಣಿ ಅನ್ನದೆ ಸುಮ್ನಿದ್ದದ್ದು ನಿಮ್ಮ ಕಷ್ಟ ನೋಡಿ!" ಎಂದರು ಸಾಹೇಬರ ಹೆಂಡತಿ.

ಎಲ್ಲಕ್ಕಿಂತ ಹೆಚ್ಚು ನೊಂದವರು ಟಿ.ಸಿ. ಸಾಹೇಬರು. ಅವರ ಮೂವತ್ತೈದು ವರ್ಷದ ಕಣ್ಣು ಸೋತಿತ್ತು. "ಟಿಕೆಟ್ ಇಲ್ಲದೋರನ್ನ ನೋಡಿದೀನಿ" ಎಂದರು. "ಜೇಬಲ್ಲಿ ಟಿಕೆಟ್ ಇಟ್ಕೊಂಡು ತೋರಿಸ್ದೆ ಕೂತೋನನ್ನ ಇವತ್ತೇ ನೋಡಿದ್ದು. ಕೋಟು ಹಾಕ್ಕೊಂಡು ಹೋಗಿ ಬೇಡ್ಕೊಂಡು ಬಂದೆನಲ್ಲಯ್ಯ ನಾನು!"

ತಪಾಸಕರು ಬಾಯಿ ಒರೆಸಿಕೊಂಡು ಚೀಲದಿಂದ ಫೈಲು ಮತ್ತೆ ತೆಗೆದರು. "ಕೆಲಸ ಇರೋರು ಅಂದ್ಮೇಲೆ ನೋಟಿಸ್ ಕೊಡ್ಬೋದು. ಪೂರ್ತಿ ಹೆಸರು ಹೇಳಿ."

ನೋಟಿಸು, ತವ, ಐದು ಖಾಲಿ ಬಾಟಲಿ ಹಿಡಿದು ಮೇಲೆ ಬಂದಾಗ ಮಗಳು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತ ಹಾಗೇ ಬ್ರೆಡ್ಡು ತಿನ್ನುತ್ತಿದ್ದಳು.

"ಅಪ್ಪಾ, ನಿಂಗೆ ನಿಜವಾಗ್ಲೂ ಕೆಲಸ ಇದ್ಯಾ?"

"ಇದೆ ಪುಟ್ಟಿ. ಯಾವಾಗ್ಲೂ ಇತ್ತು. ಅವರೆಲ್ಲ ತಪ್ಪು ತಿಳ್ಕೊಂಡ್ರು ಅಷ್ಟೆ." ಖುಷಿಪಡುತ್ತಾಳೆಂದು ಕಾದೆ.

"ಆಂಟಿ ಹೇಳಿದ್ರು, ನಿಮ್ಮಪ್ಪಂಗೆ ಕೆಲಸ ಹೋಗಿದೆ, ಅದು ಬೇಕು ಇದು ಬೇಕು ಅಂತ ಹಟ ಮಾಡ್ಬೇಡ, ಗೊತ್ತಿರೋ ಹಾಗೆ ತೋರಿಸ್ಕೋಬೇಡ ಅಂತ. ಅದಕ್ಕೇ ನಾನು ಕೇಳ್ಲಿಲ್ಲ." ಅವಳು ಬ್ರೆಡ್ಡಿನ ಅಂಚು ಕಿತ್ತಳು. "ಶಾಲೆ ಟ್ರಿಪ್ಪಿನ ಫಾರ್ಮೂ ತೋರಿಸ್ಲಿಲ್ಲ. ಶುಕ್ರವಾರ ಕೊನೇ ದಿನ ಇತ್ತು."

ನಾನು ತವವನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತಿದ್ದೆ.

"ಕೆಲಸ ಇತ್ತು ಅಂದ್ರೆ," ಎಂದಳು, ಲೆಕ್ಕ ಬಿಡಿಸುವಾಗ ಹುಬ್ಬು ಗಂಟಿಕ್ಕುತ್ತಾಳಲ್ಲ, ಹಾಗೆ, "ಮತ್ತೆ ಅವರಿಗೆಲ್ಲ ಯಾಕೆ ಮೊದಲು ಕೊಟ್ಟೆ?"

ನಾನು ತವವನ್ನು ನೆಲದ ಮೇಲಿಟ್ಟು ಅವಳ ಎದುರು ಕೂತೆ. ಕೆಲಸ ಕಳೆದುಕೊಂಡ ಅಪ್ಪನನ್ನು ಅವಳು ಮೂರು ದಿನದಿಂದ ಕ್ಷಮಿಸಿಕೊಂಡು ಬಂದಿದ್ದಳು. ಕೆಲಸವಿದ್ದ ಅಪ್ಪ ಅವಳಿಗೆ ಈಗಷ್ಟೇ ಸಿಕ್ಕಿದ್ದ.

"ಈಗ್ಲೇ ಮಾಡೋಣ ಬಾ" ಎಂದೆ. "ಅಂಗಡಿಗೆ ಓಡಿಹೋಗಿ ಹಾಲು, ಮೊಟ್ಟೆ ತರ್ತೀನಿ. ನಾವಿಬ್ರೇ. ಬೀಜ ಎಲ್ಲಾ ನಿಂದೇ."

"ಬೇಡಪ್ಪ. ನಂಗೆ ಹೊಟ್ಟೆ ತುಂಬ್ತು."

ಸಂಜೆ ಆರಕ್ಕೆ ಹೆಂಡತಿ ಬಂದಳು. ಮೆಟ್ಟಿಲಲ್ಲಿ ಟಿ.ಸಿ. ಸಾಹೇಬರು ಮುಖ ತಿರುಗಿಸಿಕೊಂಡು ಹೋದರಂತೆ, ಏನಾಯಿತು ಅವರಿಗೆ ಎನ್ನುತ್ತಲೇ ಚೀಲ ಇಳಿಸಿ ಮಗಳನ್ನು ಮಡಿಲಿಗೆಳೆದುಕೊಂಡಳು. ತಲೆ ನೇವರಿಸಿದಳು, ಕೆನ್ನೆ ಹಿಡಿದು ನೋಡಿದಳು.

"ಸೊರಗಿದೀಯಲ್ಲೇ! ಅಪ್ಪ ಸರಿಯಾಗಿ ಏನಾದ್ರೂ ಮಾಡಿ ಹಾಕಿದ್ರಾ ಇಲ್ವಾ?"

ಮಗಳು ನನ್ನ ಕಡೆ ನೋಡಿದಳು. ನಾನು ನೋಟಿಸನ್ನು ಬೆನ್ನ ಹಿಂದೆ ಹಿಡಿದಿದ್ದೆ.

"ಹಣ್ಣಿನ ಪ್ಯಾನ್‌ಕೇಕ್ ಮಾಡಿದ್ರು" ಎಂದಳು. "ಐದೂ ಹಣ್ಣು."

"ಹೌದಾ? ನಿಮ್ಮಪ್ಪನಾ? ಹೇಗಿತ್ತೇ, ಚೆನ್ನಾಗಿತ್ತಾ?"

"ಎಲ್ಲರೂ ಚೆನ್ನಾಗಿತ್ತು ಅಂದ್ರು ಅಮ್ಮ."